ಮ್ಯಾಂಚೆಸ್ಟರಿನ ಬಸ್ಸು ಯಾರದು?

2018ರ ನವೆಂಬರಿನ ಒಂದು ಸಂಜೆ ಮ್ಯಾಂಚೆಸ್ಟರಿನ ರಷೋಮ್‌ನಲ್ಲಿ, ವಿಲ್ಮ್ಸ್ಲೋ ರಸ್ತೆಯ ಒಂದು ಸ್ಟಾಪಿನಲ್ಲಿ ನಿಂತಿದ್ದೆ. ನಾಲ್ಕೂವರೆಗೇ ಕತ್ತಲಾಗಿತ್ತು. ಗಾಳಿಗೆ ಮಳೆ ಅಡ್ಡ ಹೊಡೆಯುತ್ತಿದ್ದುದರಿಂದ ಸ್ಟಾಪಿನ ಗಾಜಿನ ಮರೆ ಇದ್ದೂ ಇಲ್ಲದಂತಾಗಿತ್ತು. ಎರಡು ದಿನದ ಹಿಂದಷ್ಟೇ ಕೊಂಡ ವಾರದ ಪಾಸ್ ಕೋಟಿನ ಜೇಬಿನಲ್ಲಿತ್ತು. ಮೊದಲ ಬಸ್ಸು ಬಂತು, ಹತ್ತಿ ಪಾಸ್ ತೋರಿಸಿದೆ. ಚಾಲಕ ಒಂದು ಕ್ಷಣ ನೋಡಿ, "ಇದು ನಮ್ಮದಲ್ಲ, ಲವ್" ಎಂದ. ಗುರುತಿಲ್ಲದ ಹೆಣ್ಣುಮಕ್ಕಳನ್ನು ಆ ಊರಿನವರು ಕರೆಯುವುದೇ ಹಾಗೆ, ಅದರಲ್ಲಿ ಸಲಿಗೆಯಾಗಲಿ ಸಿಡುಕಾಗಲಿ ಇರುವುದಿಲ್ಲ. ಇಳಿದೆ. ಹಿಂದೆಯೇ ಇನ್ನೊಂದು ಬಂತು, ಅದರದು ಬೇರೆ ಬಣ್ಣ. ಅದರ ಹಿಂದೆ ಮತ್ತೊಂದು. ಮೂರನೆಯದಕ್ಕೂ ನಾನು ಕೈ ಮಾಡಿದಾಗ, ಚಕ್ರದ ಚೀಲ ಹಿಡಿದು ಬೆಂಚಿನ ಮೇಲೆ ಕೂತಿದ್ದ ಮುದುಕಿಯೊಬ್ಬರು ನನ್ನ ಪಾಸಿನ ಬಣ್ಣ ನೋಡಿ, ಆ ಬಣ್ಣದ್ದು ಬರುವ ತನಕ ಕಾಯಬೇಕಮ್ಮಾ ಎಂದು ತಿಳಿಸಿ ಹೇಳಿದರು. ಆ ಬಣ್ಣದ್ದು ಇಪ್ಪತ್ತು ನಿಮಿಷ ಬಿಟ್ಟು ಬಂತು. ಬಂದದ್ದು ಎರಡು, ಒಂದರ ಬಾಲಕ್ಕೆ ಇನ್ನೊಂದು.

ಯುರೋಪಿನಲ್ಲೇ ಅತಿ ಹೆಚ್ಚು ಬಸ್ಸು ಓಡುವ ದಾರಿಗಳಲ್ಲಿ ಒಂದೆಂದು ಹೆಸರಾದ ರಸ್ತೆ ಅದು. ವಿಶ್ವವಿದ್ಯಾಲಯಗಳು, ದೊಡ್ಡ ಆಸ್ಪತ್ರೆ, ವಿದ್ಯಾರ್ಥಿಗಳು ತುಂಬಿದ ಫ್ಯಾಲೋಫೀಲ್ಡ್ ಎಲ್ಲವೂ ಅದೇ ಗೆರೆಯ ಮೇಲಿವೆ. ಅಲ್ಲಿ ಬಸ್ಸಿಗೆ ಬರವಿರಲಿಲ್ಲ. ಎಲ್ಲ ಕಂಪನಿಗಳಿಗೂ ಸಲ್ಲುವ ಪಾಸ್ ಕೂಡ ಸಿಗುತ್ತಿತ್ತು, ಆದರೆ ಅದಕ್ಕೆ ಬೆಲೆ ಹೆಚ್ಚು. ಹೊಸದಾಗಿ ಬಂದವಳಾದ ನನಗೆ ಅದು ಗೊತ್ತಾದದ್ದೂ ತಡವಾಗಿ. ಆ ಸಂಜೆ ನನಗೆ ಎದುರಾದದ್ದು ಒಬ್ಬ ಚಾಲಕನ ತಪ್ಪೋ ಒಂದು ಕಂಪನಿಯ ತಪ್ಪೋ ಆಗಿರಲಿಲ್ಲ. ಮೂವತ್ತಮೂರು ವರ್ಷ ಹಿಂದೆ ದೂರದ ಲಂಡನ್ನಿನಲ್ಲಿ ಕೂತವರು ಬಸ್ಸು ಎಂದರೇನು ಎಂಬುದರ ಬಗ್ಗೆ ಒಂದು ನಂಬಿಕೆ ಇಟ್ಟುಕೊಂಡು ಕಾನೂನು ಮಾಡಿದ್ದರು. ಆ ನಂಬಿಕೆ ತಪ್ಪಾಗಿತ್ತು ಎನ್ನುವುದೇ ಈ ಲೇಖನದ ವಾದ. ಬಸ್ಸನ್ನು ಓಡಿಸುವವರು ಯಾರೇ ಆಗಲಿ, ಎಲ್ಲಿಗೆ, ಎಷ್ಟು ಹೊತ್ತಿಗೆ, ಎಷ್ಟು ದರಕ್ಕೆ ಎಂಬುದನ್ನು ಊರು ತೀರ್ಮಾನಿಸಬೇಕು. ಮ್ಯಾಂಚೆಸ್ಟರ್ ಈಗ ಆ ಹಕ್ಕನ್ನು ಹಿಂದಕ್ಕೆ ಪಡೆದಿದೆ. ಅದಕ್ಕೆ ಹಿಡಿದ ಕಾಲವೂ ಹೋರಾಟವೂ ಬಸ್ಸನ್ನು ನೆಚ್ಚಿದ ಯಾವ ಊರಿನವರೂ ತಿಳಿಯಬೇಕಾದದ್ದು.

ಆ ಕಾನೂನು 1985ರದು. ಮಾರ್ಗರೇಟ್ ಥ್ಯಾಚರ್ ಸರ್ಕಾರದ ಸಾರಿಗೆ ಸಚಿವ ನಿಕೊಲಸ್ ರಿಡ್ಲಿ ಅದಕ್ಕೆ ಹಿಂದಿನ ವರ್ಷ ಹೊರಡಿಸಿದ ಶ್ವೇತಪತ್ರದ ತರ್ಕ ಸರಳವಾಗಿತ್ತು. ಬಸ್ಸುಗಳು ನಗರಸಭೆಗಳ ಮತ್ತು ಸರ್ಕಾರಿ ಕಂಪನಿಗಳ ಕೈಯಲ್ಲಿವೆ, ಖರ್ಚು ಏರುತ್ತಿದೆ, ಸಹಾಯಧನ ಏರುತ್ತಿದೆ, ಜನ ಕಾರಿನ ಕಡೆ ಹೋಗುತ್ತಿದ್ದಾರೆ. ಪರ್ಮಿಟ್ಟಿನ ಬೇಲಿ ತೆಗೆದರೆ ಹೊಸ ಕಂಪನಿಗಳು ಬರುತ್ತವೆ, ಪೈಪೋಟಿಯಿಂದ ದರ ಇಳಿಯುತ್ತದೆ, ಸೇವೆ ಸುಧಾರಿಸುತ್ತದೆ. 1986ರ ಅಕ್ಟೋಬರ್ 26ರಂದು ಅದು ಜಾರಿಗೆ ಬಂತು. ಅಂದಿನಿಂದ ಪರವಾನಗಿ ಇದ್ದ ಯಾವ ಕಂಪನಿಯೂ ಟ್ರಾಫಿಕ್ ಕಮಿಷನರ್ ಕಚೇರಿಗೆ 42 ದಿನ ಮುಂಚೆ ಅರ್ಜಿ ಕೊಟ್ಟು ತನಗೆ ಬೇಕಾದ ದಾರಿಯಲ್ಲಿ, ಬೇಕಾದ ವೇಳೆಗೆ, ಬೇಕಾದ ದರಕ್ಕೆ ಬಸ್ಸು ಬಿಡಬಹುದಿತ್ತು. ಬೇಡವೆನಿಸಿದರೆ ಅಷ್ಟೇ ದಿನದ ಮುನ್ಸೂಚನೆ ಕೊಟ್ಟು ನಿಲ್ಲಿಸಬಹುದಿತ್ತು. ಯಾವ ಕಂಪನಿಯೂ ಮುಟ್ಟದೆ ಬಿಟ್ಟ ದಾರಿಗಳಿಗೆ ಮಾತ್ರ ಸ್ಥಳೀಯ ಆಡಳಿತ ತನ್ನ ದುಡ್ಡು ಕೊಟ್ಟು ಟೆಂಡರ್ ಕರೆಯಬಹುದಿತ್ತು. ಲಾಭದ ದಾರಿಯ ಬಗ್ಗೆ ಅದು ಸೊಲ್ಲೆತ್ತುವಂತಿರಲಿಲ್ಲ.

ಈ ಕಾನೂನಿನಿಂದ ಒಂದು ಊರನ್ನು ಹೊರಗಿಟ್ಟರು. ಆ ಊರು ಲಂಡನ್. ಕಾನೂನು ಮಾಡಿದವರು ಇದ್ದ ಊರು.

ನಾನು ಕರಾವಳಿಯವಳು. ಉಡುಪಿ ಮಂಗಳೂರು ದಾರಿಯ ಖಾಸಗಿ ಬಸ್ಸುಗಳಲ್ಲಿ ನೇತಾಡಿ ಕಾಲೇಜಿಗೆ ಹೋದವಳು. ಒಂದೇ ಸ್ಟಾಪಿಗೆ ಎರಡು ಬಸ್ಸು ಪೈಪೋಟಿಯಲ್ಲಿ ನುಗ್ಗಿದರೆ ಏನಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ನಮ್ಮಲ್ಲಿ ಪರ್ಮಿಟ್ಟಿನ ಜೊತೆಗೆ ಟೈಮಿಂಗ್ಸನ್ನು ಸಾರಿಗೆ ಪ್ರಾಧಿಕಾರವೇ ಕೊಡುತ್ತದೆ. ಒಂದು ನಿಮಿಷಕ್ಕಾಗಿ ಮಾಲೀಕರು ಜಗಳವಾಡಿ ಕೋರ್ಟಿಗೆ ಹೋಗುವುದೂ ಅದೊಂದು ಪಟ್ಟಿ ಇರುವುದರಿಂದಲೇ. 1986ರ ನಂತರದ ಮ್ಯಾಂಚೆಸ್ಟರಿನಲ್ಲಿ ಅಷ್ಟೂ ಇರಲಿಲ್ಲ. ಒಬ್ಬನ ಬಸ್ಸು ಹತ್ತು ಗಂಟೆಗೆ ಹೊರಟರೆ ಇನ್ನೊಬ್ಬ 9.58ಕ್ಕೆ ಬಿಡಬಹುದಿತ್ತು, ಬಿಟ್ಟರು ಕೂಡ.

ತಪ್ಪಿದ್ದು ಎಲ್ಲಿ ಎಂಬುದನ್ನು ಸ್ಟಾಪಿನಲ್ಲಿ ನಿಂತೇ ನೋಡಬೇಕು. ಸಂತೆಯಲ್ಲಿ ಟೊಮೆಟೊ ಕೊಳ್ಳುವವಳು ನಾಲ್ಕು ಬುಟ್ಟಿ ನೋಡುತ್ತಾಳೆ, ಹಿಸುಕುತ್ತಾಳೆ, ಬೆಲೆ ಕೇಳುತ್ತಾಳೆ, ಬೇಡವೆಂದು ಮುಂದೆ ಹೋಗುತ್ತಾಳೆ. ಬಸ್ ಸ್ಟಾಪಿನಲ್ಲಿ ಆ ನಾಲ್ಕು ಬುಟ್ಟಿ ಒಟ್ಟಿಗೆ ಎದುರಿಗಿರುವುದಿಲ್ಲ. ಎದುರಿಗಿರುವುದು ಒಂದೇ ಬಸ್ಸು, ಈಗ ಬಂದಿರುವುದು. ಮುಂದಿನದು ಹತ್ತು ಪೆನ್ಸ್ ಅಗ್ಗವಿರಬಹುದು, ಆದರೆ ಅದು ಬರುತ್ತದೋ ಇಲ್ಲವೋ, ಮಳೆ ನಿಲ್ಲುತ್ತದೋ ಇಲ್ಲವೋ. ಹಾಗಾಗಿ ನಿಂತವರು ಮೊದಲು ಬಂದದ್ದನ್ನೇ ಹತ್ತುತ್ತಾರೆ. ಇದು ಕಂಪನಿಗೂ ಗೊತ್ತು. ಆದ್ದರಿಂದ ಅದರ ಪೈಪೋಟಿಯ ಬುದ್ಧಿಯೆಲ್ಲ ಎದುರಾಳಿಗಿಂತ ಒಂದು ನಿಮಿಷ ಮುಂಚೆ ಸ್ಟಾಪಿಗೆ ಬರುವುದರಲ್ಲೇ ಕಳೆಯುತ್ತದೆ. ಎರಡು ಕಂಪನಿಯ ಬಸ್ಸುಗಳು ಒಟ್ಟಿಗೆ ಬಂದು ಆಮೇಲೆ ಕಾಲು ಗಂಟೆ ಏನೂ ಇಲ್ಲದಿರುವುದಕ್ಕೆ ಒಂದು ಕಾರಣ ಇಲ್ಲಿದೆ.

ಇದಕ್ಕಿಂತ ಆಳದ ಮಾತೊಂದಿದೆ. ಬಸ್ಸಿಗೆ ದುಡ್ಡು ಕೊಡುವವರು ನಿಜವಾಗಿ ಕೊಳ್ಳುವುದು ಒಂದು ಸೀಟನ್ನಲ್ಲ, ಒಂದು ಭರವಸೆಯನ್ನು. ಬೆಳಿಗ್ಗೆ ಹೋದ ದಾರಿಯಲ್ಲಿ ರಾತ್ರಿ ಹತ್ತಕ್ಕೂ ವಾಪಸ್ ಬರಬಹುದು ಎಂಬ ಭರವಸೆ ಇದ್ದರೆ ಮಾತ್ರ ಒಬ್ಬ ನರ್ಸ್ ಸಂಜೆ ಪಾಳಿ ಒಪ್ಪಿಕೊಳ್ಳುತ್ತಾಳೆ. ರಾತ್ರಿ ಹತ್ತರ ಬಸ್ಸಿನಲ್ಲಿ ಇರುವುದು ಏಳೇ ಜನ, ಅದು ನಷ್ಟದ ಟ್ರಿಪ್, ತೆಗೆದುಬಿಡೋಣ ಎಂದು ಕಂಪನಿಯ ಲೆಕ್ಕ ಹೇಳುತ್ತದೆ. ಆ ಲೆಕ್ಕ ತಪ್ಪಲ್ಲ. ಆದರೆ ಆ ಏಳು ಜನ ಬೆಳಿಗ್ಗೆಯ ಟ್ರಿಪ್ಪಿನಲ್ಲೂ ಕೂತಿದ್ದವರು. ರಾತ್ರಿಯ ಬಸ್ಸು ನಿಂತರೆ ಅವರಲ್ಲಿ ನಾಲ್ವರು ಹೇಗೋ ಸಾಲ ಮಾಡಿ ಹಳೇ ಕಾರು ಕೊಳ್ಳುತ್ತಾರೆ, ಬೆಳಗಿನ ಬಸ್ಸಿಗೂ ಆಮೇಲೆ ಅವರಿಲ್ಲ. ಮುಂದಿನ ವರ್ಷ ಬೆಳಗಿನ ಟ್ರಿಪ್ಪಿನ ಕಲೆಕ್ಷನ್ನೂ ಇಳಿಯುತ್ತದೆ. ಒಂದೊಂದು ಟ್ರಿಪ್ಪನ್ನು ಬಿಡಿಬಿಡಿಯಾಗಿ ತೂಗುವ ತಕ್ಕಡಿಯಲ್ಲಿ ಈ ನಷ್ಟ ಕಾಣುವುದೇ ಇಲ್ಲ. ಇಡೀ ಜಾಲವನ್ನು ಒಂದಾಗಿ ನೋಡುವವರಿಗೆ ಮಾತ್ರ ಕಾಣುತ್ತದೆ, ಮತ್ತು 1986ರಲ್ಲಿ ಜಾರಿಗೆ ಬಂದ ಕಾನೂನು ತೆಗೆದುಹಾಕಿದ್ದು ಹಾಗೆ ನೋಡುವವರನ್ನೇ.

ಅಕ್ಷರಶಃ ತೆಗೆದುಹಾಕಿತು. ಅದೇ ವರ್ಷ ಮಾರ್ಚ್ 31ಕ್ಕೆ ಗ್ರೇಟರ್ ಮ್ಯಾಂಚೆಸ್ಟರ್ ಕೌಂಟಿ ಕೌನ್ಸಿಲ್ಲನ್ನೇ ಸರ್ಕಾರ ರದ್ದು ಮಾಡಿತ್ತು. ಹತ್ತು ಪಟ್ಟಣಗಳನ್ನು ಸೇರಿಸಿ ನೋಡುವ ಚುನಾಯಿತ ಸಭೆ ವಸಂತದಲ್ಲಿ ಹೋಯಿತು, ಬಸ್ಸಿನ ಮೇಲಿನ ಹಿಡಿತ ಶರತ್ಕಾಲದಲ್ಲಿ ಹೋಯಿತು. ಇವೆರಡನ್ನೂ ಒಟ್ಟಿಗಿಟ್ಟು ನೋಡದಿದ್ದರೆ ಆಮೇಲಿನ ಮೂವತ್ತು ವರ್ಷದ ಅಸಹಾಯಕತೆ ಅರ್ಥವಾಗುವುದಿಲ್ಲ.

ಅದಕ್ಕೂ ಮೊದಲು ಏನಿತ್ತು ಎಂಬುದನ್ನು ನೋಡಬೇಕೆಂದರೆ ಚೀಟಮ್ ಹಿಲ್ ಕಡೆ ಬಾಯ್ಲ್ ಸ್ಟ್ರೀಟಿನಲ್ಲಿರುವ ಸಾರಿಗೆ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಕ್ವೀನ್ಸ್ ರೋಡ್ ಡಿಪೋಕ್ಕೆ ಅಂಟಿಕೊಂಡ ದೊಡ್ಡ ಶೆಡ್ಡು ಅದು. ಒಳಗೆ ಕಾಲಿಟ್ಟರೆ ಡೀಸೆಲ್ಲಿನ, ಹಳೇ ಸೀಟಿನ ಬಟ್ಟೆಯ ವಾಸನೆ. ಒಂದಕ್ಕೊಂದು ಭುಜ ತಾಗಿಸಿ ನಿಂತ ಬಸ್ಸುಗಳು. ಮ್ಯಾಂಚೆಸ್ಟರಿನ ಕೆಂಪು, ಸಾಲ್ಫರ್ಡಿನ ಹಸಿರು, ಹೀಗೆ ಊರಿಗೊಂದು ಬಣ್ಣ, ಪಕ್ಕದ ಮೇಲೆ ಊರಿಗೊಂದು ಲಾಂಛನ. ಸಾರಿಗೆ ಸಚಿವೆ ಬಾರ್ಬರಾ ಕಾಸಲ್ ತಂದ 1968ರ ಕಾನೂನಿನಂತೆ 1969ರಲ್ಲಿ ಇಂಥ ಹನ್ನೊಂದು ನಗರಸಭೆಗಳ ಬಸ್ಸುಗಳನ್ನು ಸೇರಿಸಿ ಸೆಲ್ನೆಕ್ ಎಂಬ ಒಂದೇ ಸಂಸ್ಥೆ ಮಾಡಿದರು, ಎಲ್ಲಕ್ಕೂ ಕಿತ್ತಳೆ ಬಿಳಿ ಬಣ್ಣ ಬಳಿದರು. ಆ ಕಿತ್ತಳೆ ಬಸ್ಸು ಅಲ್ಲಿನ ಹಿರಿಯರಿಗೆ ಇವತ್ತಿಗೂ ಕಣ್ಣ ಮುಂದಿದೆ.

ಅಲ್ಲೊಂದು ಬಸ್ಸಿನ ಮೂತಿಯ ಮೇಲೆ ಲೇಲ್ಯಾಂಡ್ ಎಂಬ ಅಕ್ಷರ ಕಂಡು ನಾನು ನಿಂತುಬಿಟ್ಟೆ. ಚಿಕ್ಕವಳಿದ್ದಾಗ ನಮ್ಮ ಸರ್ಕಾರಿ ಕೆಂಪು ಬಸ್ಸಿನ ಮುಂದೆ ಅಕ್ಷರ ಕೂಡಿಸಿ ಓದಿದ ಹೆಸರು. ಲೇಲ್ಯಾಂಡ್ ಒಂದು ಊರೆಂದು ನನಗೆ ಗೊತ್ತಿರಲಿಲ್ಲ. ಮ್ಯಾಂಚೆಸ್ಟರಿನಿಂದ ವಾಯವ್ಯಕ್ಕೆ, ಲ್ಯಾಂಕಾಶೈರಿನಲ್ಲಿದೆ. 1896ರಲ್ಲಿ ಉಗಿ ವ್ಯಾನು ಮಾಡಲು ಶುರುವಾದ ಕಾರ್ಖಾನೆ ಆ ಊರಿನ ಹೆಸರನ್ನೇ ಇಟ್ಟುಕೊಂಡಿತು. 1955ರಲ್ಲಿ ಮದರಾಸಿನ ಅಶೋಕ್ ಮೋಟರ್ಸ್ ಅದರೊಂದಿಗೆ ಸೇರಿ ಅಶೋಕ್ ಲೇಲ್ಯಾಂಡ್ ಆಯಿತು. ಅದೇ ದಶಕದ ಕೊನೆಯಲ್ಲಿ ಲೇಲ್ಯಾಂಡ್ ಊರಿನವರು ಅಟ್ಲಾಂಟಿಯನ್ ಎಂಬ ಡಬಲ್ ಡೆಕ್ಕರ್ ತಂದರು. ಎಂಜಿನ್ ಹಿಂದಕ್ಕೆ, ಬಾಗಿಲು ಚಾಲಕನ ಪಕ್ಕಕ್ಕೆ. ಟಿಕೆಟ್ಟನ್ನು ಚಾಲಕನೇ ಕೊಡುವ ಪದ್ಧತಿ ಡಬಲ್ ಡೆಕ್ಕರಿನಲ್ಲಿ ಸಾಧ್ಯವಾದದ್ದು, ಇಂಗ್ಲಿಷ್ ಬಸ್ಸುಗಳಿಂದ ಕಂಡಕ್ಟರ್ ಮರೆಯಾದದ್ದು ಆ ಬಾಗಿಲಿನಿಂದ. ಲೇಲ್ಯಾಂಡಿನ ಬಸ್ ವಿಭಾಗವನ್ನು 1988ರಲ್ಲಿ ವೋಲ್ವೋ ಕೊಂಡಿತು, ಕೆಲವೇ ವರ್ಷದಲ್ಲಿ ಆ ಊರಿನಲ್ಲಿ ಬಸ್ಸು ತಯಾರಾಗುವುದು ನಿಂತಿತು. ಮುಂದೆ 2012ರ ಹೊತ್ತಿಗೆ ಅಶೋಕ್ ಲೇಲ್ಯಾಂಡೇ ಯಾರ್ಕ್‌ಶೈರಿನ ಆಪ್ಟೇರ್ ಎಂಬ ಬಸ್ ಕಂಪನಿಯ ಬಹುಪಾಲು ಕೊಂಡಿತು. ಬೇರು ಒಣಗಿದ ಮೇಲೂ ಬಿಳಲು ನೆಲ ಹಿಡಿದ ಹಾಗೆ. 1986ರಲ್ಲಿ ನಿಯಂತ್ರಣ ತೆಗೆದ ಮೇಲಿನ ಮೊದಲ ವರ್ಷಗಳಲ್ಲಿ ಬ್ರಿಟಿಷ್ ಕಂಪನಿಗಳು ದೊಡ್ಡ ಬಸ್ಸು ಕೊಳ್ಳುವುದನ್ನು ಬಿಟ್ಟು ವ್ಯಾನಿಗೆ ಸೀಟು ಹಾಕಿದ ಮಿನಿಬಸ್ಸುಗಳ ಬೆನ್ನು ಹತ್ತಿದ್ದವು. ನಾಳೆ ಹೇಗೋ ಏನೋ ಎಂಬ ಸ್ಥಿತಿಯಲ್ಲಿ ಹದಿನೈದು ವರ್ಷ ಬಾಳುವ ಬಸ್ಸಿಗೆ ಯಾರು ಆರ್ಡರ್ ಕೊಡುತ್ತಾರೆ? ಲೇಲ್ಯಾಂಡಿನ ಪತನಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಇದೂ ಒಂದು.

ಪೈಪೋಟಿ ಎಷ್ಟು ದಿನ ನಡೆಯಿತು? ಸಾರ್ವಜನಿಕರದಾಗಿದ್ದ ಕಂಪನಿಯನ್ನು ಜಿಎಂ ಬಸಸ್ ಎಂದು ಬೇರ್ಪಡಿಸಿ, 1993ರಲ್ಲಿ ಉತ್ತರ ದಕ್ಷಿಣ ಎಂದು ಎರಡಾಗಿ ಸೀಳಿ, ಮರುವರ್ಷ ನೌಕರರಿಗೇ ಮಾರಿದರು. 1996ರಲ್ಲಿ ಉತ್ತರದ್ದು ಫಸ್ಟ್ ಕಂಪನಿಯ ಪಾಲಾಯಿತು, ದಕ್ಷಿಣದ್ದು ಸ್ಟೇಜ್‌ಕೋಚ್ ಪಾಲಾಯಿತು. ವಿಲ್ಮ್ಸ್ಲೋ ರಸ್ತೆಯಂಥ ಕೆಲವು ದಾರಿ ಬಿಟ್ಟರೆ, ಹತ್ತೇ ವರ್ಷದಲ್ಲಿ ಊರು ಎರಡು ದೊಡ್ಡ ಕಂಪನಿಗಳ ಎರಡು ಸೀಮೆಯಾಯಿತು. ಈಶಾನ್ಯದ ಡಾರ್ಲಿಂಗ್ಟನ್ನಿನಲ್ಲಿ ಇನ್ನೂ ಕಟುವಾದದ್ದು ನಡೆಯಿತು. 1994ರಲ್ಲಿ ಅಲ್ಲಿನ ನಗರಸಭೆಯ ಬಸ್ ಕಂಪನಿ ಮಾರಾಟಕ್ಕೆ ಬಂದಾಗ ಸ್ಟೇಜ್‌ಕೋಚ್ ಅದೇ ದಾರಿಗಳಲ್ಲಿ ಬಿಟ್ಟಿ ಬಸ್ಸು ಓಡಿಸಿತು, ಕೊಳ್ಳಲು ಬಂದವರು ಹಿಂದೆ ಸರಿದರು, ಹಳೇ ಕಂಪನಿ ಮುಚ್ಚಿತು. ಸರ್ಕಾರದ ಏಕಸ್ವಾಮ್ಯ ಆಯೋಗವೇ ಮರುವರ್ಷ ಆ ನಡತೆಯನ್ನು ಖಂಡಿಸಿತು. ಅಷ್ಟು ಹೊತ್ತಿಗೆ ಡಾರ್ಲಿಂಗ್ಟನ್ನಿನಲ್ಲಿ ಉಳಿಸಿಕೊಳ್ಳಲು ಏನೂ ಇರಲಿಲ್ಲ. 2011ರಲ್ಲಿ ಸ್ಪರ್ಧಾ ಆಯೋಗ ದೇಶದ ಬಸ್ಸುಗಳನ್ನೆಲ್ಲ ಪರಿಶೀಲಿಸಿದಾಗಲೂ ಕಂಡದ್ದು ಇದನ್ನೇ. ಒಂದೇ ದಾರಿಯಲ್ಲಿ ಎದುರುಬದುರಾದ ಪೈಪೋಟಿ ಬಹುಪಾಲು ಕಡೆ ಉಳಿದಿಲ್ಲ.

ಕಂಪನಿಗಳು ತಾವಾಗಿ ಮಾತಾಡಿಕೊಂಡು ಸರಿಮಾಡಿಕೊಳ್ಳಬಹುದಿತ್ತಲ್ಲ ಎಂದು ಕೇಳಬಹುದು. ಇಬ್ಬರು ಕೂತು, ನಿನ್ನದು ಹತ್ತಕ್ಕೆ, ನನ್ನದು ಹತ್ತೂಕಾಲಿಗೆ ಎಂದು ಒಪ್ಪಂದ ಮಾಡಿಕೊಂಡರೆ ಅದು ಪೈಪೋಟಿ ಕಾನೂನಿನ ಕಣ್ಣಿನಲ್ಲಿ ಅಪರಾಧಕ್ಕೆ ಹತ್ತಿರದ ಕೂಟವಾಗುತ್ತಿತ್ತು. ಪ್ರಯಾಣಿಕರಿಗೆ ಅತ್ಯಂತ ಬೇಕಾದ ಕೆಲಸವನ್ನೇ ಕಾನೂನು ತಡೆದು ನಿಂತಿತ್ತು ಎಂಬುದು ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ನೋವಿನ ಸಂಗತಿ.

ಎದುರು ವಾದಕ್ಕೆ ಬಲವಿಲ್ಲ ಎಂದು ನಾನು ಹೇಳುವುದಿಲ್ಲ. ಬಸ್ಸಿನ ಜನ ಕಡಿಮೆಯಾಗಲು ಶುರುವಾದದ್ದು 1986ರಲ್ಲಿ ಅಲ್ಲ, 1950ರ ದಶಕದಲ್ಲೇ. ಕಾರು ಮನೆಮನೆಗೆ ಬಂದಂತೆ, ದೂರದರ್ಶನ ಬಂದು ಸಂಜೆ ಸಿನಿಮಾಕ್ಕೆ ಹೋಗುವವರು ಕಡಿಮೆಯಾದಂತೆ, ಹತ್ತಿಗಿರಣಿಗಳು ಮುಚ್ಚಿದಂತೆ ಬಸ್ಸು ಸೊರಗುತ್ತಲೇ ಬಂದಿತ್ತು. ಹಳೇ ಸಂಸ್ಥೆಗಳಲ್ಲಿ ದುಂದು ಇದ್ದದ್ದೂ, 1986ರ ನಂತರ ಪ್ರತಿ ಮೈಲಿಯ ಖರ್ಚು ಗಣನೀಯವಾಗಿ ಇಳಿದದ್ದೂ ನಿಜ. ವಿದ್ಯಾರ್ಥಿಗಳಿಗೆ ಅಗ್ಗದ ದರದ ಬಸ್ಸು ಸಿಕ್ಕಿದ್ದು ಪೈಪೋಟಿಯಿಂದಲೇ. ಬ್ರೈಟನ್, ನಾಟಿಂಗ್ಹ್ಯಾಮ್‌ನಂಥ ಊರುಗಳಲ್ಲಿ ಅದೇ ಕಾನೂನಿನ ಅಡಿಯಲ್ಲಿ ಒಳ್ಳೆಯ ಬಸ್ಸು ಓಡಿತು, ಓಡುತ್ತಿದೆ.

ಆದರೆ ಆ ಒಳ್ಳೆಯ ಊರುಗಳನ್ನು ಹತ್ತಿರದಿಂದ ನೋಡಿ. ನಾಟಿಂಗ್ಹ್ಯಾಮ್‌ನಲ್ಲಿ ಮುಖ್ಯ ಕಂಪನಿ ಇವತ್ತಿಗೂ ನಗರಸಭೆಯ ಒಡೆತನದ್ದು. ಬ್ರೈಟನ್ನಿನಲ್ಲಿ ಒಂದೇ ದೊಡ್ಡ ಕಂಪನಿ ನಗರಸಭೆಯ ಜೊತೆ ದಶಕಗಳಿಂದ ಕೈಜೋಡಿಸಿ ನಡೆದಿದೆ. ಎರಡರಲ್ಲೂ ಯಾರೋ ಒಬ್ಬರು ಇಡೀ ಜಾಲವನ್ನು ತಮ್ಮದೆಂದು ನೋಡುತ್ತಿದ್ದಾರೆ. ಅವು ಗೆದ್ದದ್ದು ಬೀದಿ ಪೈಪೋಟಿಯಿಂದಲ್ಲ, ಅದು ಇಲ್ಲದ್ದರಿಂದ. ಕಾರಿನ ವಾದಕ್ಕಂತೂ ಲಂಡನ್ನೇ ಉತ್ತರ. ಅಲ್ಲಿ ಬಸ್ಸುಗಳನ್ನು ಖಾಸಗಿ ಕಂಪನಿಗಳೇ ಓಡಿಸುತ್ತವೆ, ಆದರೆ ದಾರಿ, ವೇಳೆ, ದರ, ಬಣ್ಣ ಎಲ್ಲವನ್ನೂ ಊರಿನ ಸಾರಿಗೆ ಸಂಸ್ಥೆ ನಿರ್ಧರಿಸಿ ಟೆಂಡರ್ ಕೊಡುತ್ತದೆ. 1980ರ ದಶಕದ ನಡುವಿನಿಂದ ಸುಮಾರು ಮೂವತ್ತು ವರ್ಷದಲ್ಲಿ ಲಂಡನ್ನಿನ ಬಸ್ ಪ್ರಯಾಣಗಳು ಹೆಚ್ಚುಕಡಿಮೆ ಇಮ್ಮಡಿಯಾದವು. ಅದೇ ಅವಧಿಯಲ್ಲಿ ಗ್ರೇಟರ್ ಮ್ಯಾಂಚೆಸ್ಟರಿನಲ್ಲಿ ಹತ್ತಿರಹತ್ತಿರ ಅರ್ಧಕ್ಕೆ ಇಳಿದವು. ಲಂಡನ್ನಿಗೆ ಜನಸಂಖ್ಯೆ ಏರಿತು, ದುಡ್ಡು ಹೆಚ್ಚು ಸಿಕ್ಕಿತು, 2003ರಿಂದ ನಗರದ ನಡುಭಾಗಕ್ಕೆ ಬರುವ ಕಾರಿಗೆ ಸುಂಕ ಬಿತ್ತು. ಇವೆಲ್ಲ ಲೆಕ್ಕಕ್ಕೆ ಹಿಡಿಯಬೇಕಾದವೇ. ಹಿಡಿದ ಮೇಲೂ ಒಂದು ಊರು ಇಮ್ಮಡಿ, ಇನ್ನೊಂದು ಅರ್ಧ ಎಂಬ ಅಂತರ ಪೂರ್ತಿ ತುಂಬುವುದಿಲ್ಲ.

ಮ್ಯಾಂಚೆಸ್ಟರಿನ ಹತ್ತು ಪಟ್ಟಣಗಳಲ್ಲಿ ಒಂದಾದ ವಿಗನ್‌ನ ಸರಹದ್ದಿನಲ್ಲಿ ಲೀ ಎಂಬ ಊರಿದೆ. ಒಂದು ಕಾಲಕ್ಕೆ ಹತ್ತಿಗಿರಣಿ, ಕಲ್ಲಿದ್ದಲ ಗಣಿಯ ಊರು. 1960ರ ದಶಕದ ಕೊನೆಗೆ ಅಲ್ಲಿಗೆ ರೈಲು ನಿಂತಿತು, ಇಂಗ್ಲೆಂಡಿನಲ್ಲಿ ರೈಲು ನಿಲ್ದಾಣವಿಲ್ಲದ ದೊಡ್ಡ ಪಟ್ಟಣಗಳಲ್ಲಿ ಅದೂ ಒಂದು. ಬಸ್ಸು ಕೈಕೊಟ್ಟರೆ ಅಲ್ಲಿನವರಿಗೆ ಇನ್ನೇನೂ ಇಲ್ಲ. ಆಂಡಿ ಬರ್ನ್ಹಮ್ 2001ರಿಂದ 2017ರ ತನಕ ಆ ಊರಿನ ಸಂಸದರಾಗಿದ್ದರು. 2017ರಲ್ಲಿ ಅವರು ಗ್ರೇಟರ್ ಮ್ಯಾಂಚೆಸ್ಟರಿನ ಮೊದಲ ಚುನಾಯಿತ ಮೇಯರ್ ಆದರು. ಅದೇ ವರ್ಷ ಬಂದ ಹೊಸ ಕಾನೂನು ಇಂಥ ಮೇಯರುಗಳಿಗೆ ಲಂಡನ್ ಮಾದರಿಯ ಗುತ್ತಿಗೆ ಪದ್ಧತಿ ತರುವ ಅಧಿಕಾರ ಕೊಟ್ಟಿತ್ತು, ಆದರೆ ನಗರಸಭೆಗಳು ಹೊಸದಾಗಿ ತಮ್ಮದೇ ಬಸ್ ಕಂಪನಿ ಕಟ್ಟುವುದನ್ನು ನಿಷೇಧಿಸಿತ್ತು. ಆ ನಿಷೇಧ ತೆಗೆಯಲು 2025 ಬರಬೇಕಾಯಿತು.

2021ರ ಮಾರ್ಚ್ 25ರಂದು ಬರ್ನ್ಹಮ್ ಆ ಗುತ್ತಿಗೆ ಪದ್ಧತಿ ತರುವ ತೀರ್ಮಾನ ಪ್ರಕಟಿಸಿದರು. ಸ್ಟೇಜ್‌ಕೋಚ್ ಮತ್ತು ರೊಟಾಲ ಕಂಪನಿಗಳು ಕೋರ್ಟಿಗೆ ಹೋದವು. ಕೋವಿಡ್ ನಂತರ ಲೆಕ್ಕಾಚಾರ ಬದಲಾಗಿದೆ, ಪರಿಶೀಲನೆ ಸರಿಯಾಗಿ ಆಗಿಲ್ಲ ಎಂಬುದು ಅವುಗಳ ವಾದ. 2022ರಲ್ಲಿ ಅದು ಬಿದ್ದುಹೋಯಿತು, ಮೇಲ್ಮನವಿಯಲ್ಲೂ ನಿಲ್ಲಲಿಲ್ಲ. 2023ರ ಸೆಪ್ಟೆಂಬರ್ 24ರಂದು ಬೋಲ್ಟನ್, ವಿಗನ್ ಕಡೆ ಹೊಸ ಪದ್ಧತಿಯ ಮೊದಲ ಹಳದಿ ಬಸ್ಸುಗಳು ಹೊರಟವು. ಮರುವರ್ಷ ಮಾರ್ಚಿನಲ್ಲಿ ಓಲ್ಡಮ್, ರಾಚ್‌ಡೇಲ್. 2025ರ ಜನವರಿ 5ಕ್ಕೆ ಸ್ಟಾಕ್‌ಪೋರ್ಟ್, ಟೇಮ್‌ಸೈಡ್, ಟ್ರಾಫರ್ಡ್ ಸೇರಿ ಇಡೀ ಪ್ರದೇಶ. ಲಂಡನ್ನಿನ ಹೊರಗೆ ಸುಮಾರು ನಾಲ್ಕು ದಶಕದ ಬಳಿಕ ಮೊದಲ ಬಾರಿಗೆ ಒಂದು ಇಂಗ್ಲಿಷ್ ಪ್ರದೇಶ ತನ್ನ ಬಸ್ಸುಗಳನ್ನು ಮತ್ತೆ ಕೈಗೆ ತೆಗೆದುಕೊಂಡಿತು. ಜಾಲಕ್ಕೆ ಬೀ ನೆಟ್ವರ್ಕ್ ಎಂದು ಹೆಸರು. ಜೇನುಹುಳು ಮ್ಯಾಂಚೆಸ್ಟರಿನ ದುಡಿಮೆಯ ಲಾಂಛನ, ಪುರಭವನದ ನೆಲಹಾಸಿನ ಮೇಲೂ ಅದು ಇದೆ.

ಇದನ್ನು ರಾಷ್ಟ್ರೀಕರಣ ಎಂದು ಕರೆಯುವವರಿದ್ದಾರೆ, ಅದು ಸರಿಯಲ್ಲ. ಬೋಲ್ಟನ್ ವಿಗನ್ ಕಡೆ ದೊಡ್ಡ ಗುತ್ತಿಗೆಗಳು ಗೋ ನಾರ್ತ್ ವೆಸ್ಟ್‌ಗೆ ಸಿಕ್ಕವು. ಕೋರ್ಟಿಗೆ ಹೋಗಿದ್ದ ಸ್ಟೇಜ್‌ಕೋಚ್ ಓಲ್ಡಮ್, ಸ್ಟಾಕ್‌ಪೋರ್ಟ್ ಗೆದ್ದಿತು. ಸಿಂಗಾಪುರದ ಒಡೆತನದ ಮೆಟ್ರೋಲೈನ್ ಊರಿನ ದಕ್ಷಿಣ ಭಾಗಕ್ಕೆ ಬಂತು. ಬದಲಾದದ್ದು ಎರಡು. ಒಂದು, ಟಿಕೆಟ್ಟಿನ ದುಡ್ಡು ಈಗ ಊರಿನ ಸಾರಿಗೆ ಸಂಸ್ಥೆಗೆ ಸೇರುತ್ತದೆ, ಕಂಪನಿಗೆ ಬಸ್ಸನ್ನು ಹೊತ್ತಿಗೆ ಸರಿಯಾಗಿ ಓಡಿಸಿದ್ದಕ್ಕೆ ಹಣ. ಸ್ಟಾಪಿನಲ್ಲಿ ನಿಂತವರಿಗಾಗಿ ಇನ್ನು ಯಾರೂ ಓಡಿ ಬರಬೇಕಿಲ್ಲ. ಎರಡನೆಯದು ಡಿಪೋ. ಹೊರಗಿನವರ ಕಣ್ಣಿಗೆ ಇದು ಬೀಳುವುದಿಲ್ಲ, ಆದರೆ ಗುಟ್ಟೆಲ್ಲ ಇಲ್ಲೇ ಇದೆ. ಬಸ್ಸು ಕೊಳ್ಳಬಹುದು, ಚಾಲಕರನ್ನು ಸೇರಿಸಿಕೊಳ್ಳಬಹುದು, ಊರ ನಡುವೆ ನೂರು ಬಸ್ಸು ನಿಲ್ಲುವ, ಡೀಸೆಲ್ ತುಂಬುವ, ತೊಳೆಯುವ ಜಾಗ ಎಲ್ಲಿಂದ ತರುವುದು? ಡಿಪೋ ಯಾರ ಕೈಯಲ್ಲಿದೆಯೋ ಟೆಂಡರ್ ಅವರ ಕೈಯಲ್ಲಿ. ಹಾಗಾಗಿ ಮ್ಯಾಂಚೆಸ್ಟರ್ ಮೊದಲು ಡಿಪೋಗಳನ್ನು ತನ್ನ ಕೈಗೆ ತಂದುಕೊಂಡಿತು. ಈ ಬದಲಾವಣೆಗೆಂದು ಎತ್ತಿಟ್ಟದ್ದು 13 ಕೋಟಿ ಪೌಂಡಿಗೂ ಮಿಕ್ಕಿ. ಇಂಥ ಕೆಲಸಕ್ಕೆ ಕೈಹಾಕುವ ಯಾವ ಊರೂ ಬಣ್ಣಕ್ಕಿಂತ ಮೊದಲು ಡಿಪೋದ ಬಗ್ಗೆ ಯೋಚಿಸಬೇಕು.

ಪ್ರಯಾಣಿಕರಿಗೆ ಸಿಕ್ಕಿದ್ದು ಕೈಗೆ ಸಿಗುವಂಥದ್ದೇ. ದೊಡ್ಡವರಿಗೆ ಒಂದು ಪ್ರಯಾಣಕ್ಕೆ 2 ಪೌಂಡ್, ಮಕ್ಕಳಿಗೆ 1. 2025ರ ಆರಂಭದಲ್ಲಿ ದೇಶದ ಮಿತಿ 3 ಪೌಂಡಿಗೆ ಏರಿದಾಗಲೂ ಮ್ಯಾಂಚೆಸ್ಟರ್ ಏರಿಸಲಿಲ್ಲ. ಅದೇ ವರ್ಷದ ಮಾರ್ಚಿನಿಂದ ಆ 2 ಪೌಂಡಿನಲ್ಲಿ ಒಂದು ಗಂಟೆಯೊಳಗೆ ಬೇರೆ ಬೇರೆ ಬಸ್ಸು ಹತ್ತಿ ಇಳಿಯುವಂತಾಯಿತು, ದಿನಕ್ಕೆ ಎಷ್ಟೇ ಸುತ್ತಿದರೂ 5 ಪೌಂಡಿಗಿಂತ ಹೆಚ್ಚು ಹೋಗದಂತಾಯಿತು, ವಾರಕ್ಕೆ 20. ರಷೋಮ್‌ನಲ್ಲಿ ನನ್ನನ್ನು ಮಳೆಯಲ್ಲಿ ನಿಲ್ಲಿಸಿದ ಬಣ್ಣದ ಭೇದ ಅಲ್ಲಿಗೆ ಮುಗಿಯಿತು. ಹಣ್ಣಿನಂಗಡಿಯಲ್ಲಿ ಪಾರ್ಟ್ ಟೈಮ್ ದುಡಿಯುವವರಿಗೆ, ಎರಡು ಬಸ್ಸು ಬದಲಿಸಿ ತಾಯಿಯನ್ನು ನೋಡಲು ಹೋಗುವವರಿಗೆ ಆ ಎರಡನೆಯ ಟಿಕೆಟ್ ಉಳಿದದ್ದು ಎಷ್ಟು ದೊಡ್ಡದೆಂದು ಕಾರಿನಲ್ಲಿ ಓಡಾಡುವವರಿಗೆ ಹೊಳೆಯುವುದು ಕಷ್ಟ.

ಇಷ್ಟಕ್ಕೇ ಕೆಲಸ ಮುಗಿಯಿತೆಂದು ನಾನು ನಂಬುವುದಿಲ್ಲ. ದರದ ಮಿತಿ ನಿಂತಿರುವುದು ಖಜಾನೆಯ ದುಡ್ಡಿನ ಮೇಲೆ. ಲಂಡನ್ನಿನ ಸರ್ಕಾರ ಕೈ ಬಿಗಿಹಿಡಿದರೆ ಮೇಯರ್ ಏನನ್ನಾದರೂ ಕಡಿಯಲೇಬೇಕು, ಕಡಿಯುವಾಗ ಮೊದಲು ಕಾಣುವುದು ಅದೇ ರಾತ್ರಿ ಹತ್ತರ ಬಸ್ಸು. ಚಾಲಕರ ಸಂಬಳ ಈಗಲೂ ಬೇರೆ ಬೇರೆ ಕಂಪನಿಗಳ ಚೌಕಾಸಿಯಲ್ಲೇ ಇದೆ. 2025ರ ಸೆಪ್ಟೆಂಬರಿನಲ್ಲಿ ಚಾಲಕರು ಸಂಬಳಕ್ಕಾಗಿ ಮುಷ್ಕರ ಹೂಡಿದಾಗ, ಒಂದೇ ಹಳದಿ ಬಣ್ಣದ ಬಸ್ಸು ಓಡಿಸುವವರಿಗೆ ಡಿಪೋಗೊಂದು ಸಂಬಳ ಏಕೆ ಎಂಬ ಪ್ರಶ್ನೆ ಎದ್ದು ನಿಂತಿತು. ಆ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಗುತ್ತಿಗೆಯ ಕಾಗದದಲ್ಲಿಯೇ ಉತ್ತರ ಬರೆಯಬಹುದು, ಬರೆಯಬೇಕು.

ಎಲ್ಲಕ್ಕಿಂತ ಕಠಿಣವಾದದ್ದು ರಸ್ತೆ. ಕಾರಿನ ಸಾಲಿನಲ್ಲಿ ಸಿಕ್ಕಿಬಿದ್ದ ಬಸ್ಸು ಯಾರದಾದರೇನು, ತಡವಾಗಿಯೇ ಬರುತ್ತದೆ. 2008ರ ಡಿಸೆಂಬರಿನಲ್ಲಿ ಕಾರುಗಳಿಗೆ ದಟ್ಟಣೆ ಸುಂಕ ಹಾಕಿ ಆ ದುಡ್ಡನ್ನು ಸಾರಿಗೆಗೆ ಹಾಕುವ ಯೋಜನೆಯನ್ನು ಜನಮತಕ್ಕೆ ಇಟ್ಟರು. ಹತ್ತೂ ಪಟ್ಟಣಗಳು ಬೇಡವೆಂದವು, ಶೇಕಡ 79ರಷ್ಟು ಮತ ವಿರೋಧಕ್ಕೆ ಬಿತ್ತು. ಆ ಪೆಟ್ಟಿನ ನೆನಪು ಅಲ್ಲಿನ ರಾಜಕಾರಣಿಗಳಲ್ಲಿ ಇನ್ನೂ ಹಸಿಯಾಗಿದೆ. ಆದರೆ ಅಂದು ಮತ ಹಾಕಿದವರ ಮುಂದೆ ಇದ್ದದ್ದು ತಮ್ಮ ಹಿಡಿತದಲ್ಲಿಲ್ಲದ ಬಸ್ಸು. ಅದನ್ನು ನೆಚ್ಚಿ ಕಾರು ಬಿಡಿ ಎಂದರೆ ಯಾರು ಬಿಡುತ್ತಾರೆ? ಆಕ್ಸ್‌ಫರ್ಡ್ ರಸ್ತೆಯ ಒಂದು ಭಾಗದಲ್ಲಿ ಹಗಲು ಹೊತ್ತು ಕಾರುಗಳನ್ನು ತಡೆದದ್ದರಿಂದ ಬಸ್ಸಿಗೂ ಸೈಕಲ್ಲಿಗೂ ಎಷ್ಟು ಉಸಿರು ಸಿಕ್ಕಿತೆಂದು ಅಲ್ಲಿ ನಡೆದವರಿಗೆ ಗೊತ್ತು. ಉಳಿದ ರಸ್ತೆಗಳಲ್ಲಿ ಅಂಥ ಜಾಗ ಕೇಳುವ ನೈತಿಕ ಬಲ ಈಗ ಊರಿಗೆ ಬಂದಿದೆ. ಲೀ ಊರಿನಿಂದ ಹೊರಡುವ ವಿ1 ಬಸ್ಸು ಹಳೇ ರೈಲುದಾರಿಯ ಜಾಡಿನ ಮೇಲೆ ಕಾಂಕ್ರೀಟಿನ ತೊಟ್ಟಿಯಂಥ ತನ್ನದೇ ಪಥದಲ್ಲಿ 2016ರಿಂದ ಓಡುತ್ತಿದೆ. ಕಾರು ಅದರೊಳಗೆ ನುಗ್ಗಲಾರದು. ಆ ಬಸ್ಸು ಜನ ತುಂಬಿಕೊಂಡೇ ಹೋಗುತ್ತದೆ.

ಲಿವರ್‌ಪೂಲ್ ಪ್ರದೇಶ 2023ರಲ್ಲಿ, ಪಶ್ಚಿಮ ಯಾರ್ಕ್‌ಶೈರ್ 2024ರಲ್ಲಿ, ದಕ್ಷಿಣ ಯಾರ್ಕ್‌ಶೈರ್ ಮತ್ತು ವೆಸ್ಟ್ ಮಿಡ್‌ಲ್ಯಾಂಡ್ಸ್ 2025ರಲ್ಲಿ ಇದೇ ದಾರಿ ಹಿಡಿಯಲು ತೀರ್ಮಾನಿಸಿವೆ. ಅವರೆಲ್ಲ ಮ್ಯಾಂಚೆಸ್ಟರಿನ ಲೆಕ್ಕಪುಸ್ತಕ ನೋಡುತ್ತಾರೆ, ನೋಡಬೇಕಾದದ್ದೇ. ಅದರ ಜೊತೆಗೆ ರಾತ್ರಿ ಒಂದು ಗಂಟೆಗೆ ಮ್ಯಾಂಚೆಸ್ಟರಿನ ನಡುವೆ ಒಂದು ಸ್ಟಾಪಿನಲ್ಲಿಯೂ ನಿಂತು ನೋಡಲಿ. 2024ರ ಸೆಪ್ಟೆಂಬರಿನಿಂದ ಲೀಗೆ ವಿ1, ಬೋಲ್ಟನ್ನಿಗೆ 36, ಈ ಎರಡು ದಾರಿಗಳಲ್ಲಿ ಪ್ರಯೋಗಕ್ಕೆಂದು ರಾತ್ರಿಯಿಡೀ ಬಸ್ಸು ಬಿಟ್ಟರು. ಹೋದ ಸಲ ಆ ಊರಿಗೆ ಹೋದಾಗ ವಿ1ರಲ್ಲಿ ಒಮ್ಮೆ ಕೂತೆ. ಒಳಗೆ ಹೋಟೆಲಿನ ಅಡುಗೆಮನೆಯಿಂದ ಬಂದ ಇಬ್ಬರು ಹುಡುಗರು, ಅವರ ಬಟ್ಟೆಯಿಂದ ಹುರಿದ ಎಣ್ಣೆಯ ವಾಸನೆ. ಮುಂದಿನ ಸೀಟಿನಲ್ಲಿ ಆಸ್ಪತ್ರೆಯ ಗುರುತಿನ ಚೀಟಿ ಕೊರಳಲ್ಲೇ ಇದ್ದ ಒಬ್ಬ ಹೆಂಗಸು, ತಲೆ ಕಿಟಕಿಗೆ ಒರಗಿಸಿ ನಿದ್ದೆ ಹೋಗಿದ್ದಳು. ಅವಳ ಸ್ಟಾಪ್ ಬಂದಾಗ ಚಾಲಕ ಬಾಗಿಲು ತೆರೆದು, ಹಿಂದಕ್ಕೆ ತಿರುಗಿ, ಎರಡು ಸಲ ಕರೆದ. ಎದ್ದವಳು ಥ್ಯಾಂಕ್ಯೂ ಎಂದು ಇಳಿದಳು. ಬಸ್ಸಿನಲ್ಲಿ ಆಗ ಇದ್ದದ್ದು ಆರು ಜನ.